ಓಡುವ ಮನೆಗೂ ಬೇಕು ವೈಫೈ: ಟಿಟಿ, ಕ್ಯಾರವಾನ್‌ನಲ್ಲಿ ನೆಟ್‌ವರ್ಕ್ ಮಾಡಿಕೊಳ್ಳೋದು ಹೇಗೆ? ಘಾಟಿಯಲ್ಲಿ ಸಿಗ್ನಲ್ ಹೋದ್ರೆ ಏನ್ಮಾಡಬೇಕು?

ಶಿವಮೊಗ್ಗ: ಟಿಟಿ ಹತ್ತಿ ಸೀಟು ಹಿಡಿದ ಕೂಡಲೇ ಹುಡುಗರು ಡ್ರೈವರ್‌ಗೆ ಕೇಳೋ ಮೊದಲ ಪ್ರಶ್ನೆ ಈಗ ಬದಲಾಗಿದೆ. ಮೊದಲೆಲ್ಲ ‘ಅಣ್ಣಾ, ಹಾಡು ಹಾಕಿ’ ಅಂತಿದ್ರು. ಈಗ ‘ಅಣ್ಣಾ, ವೈಫೈ ಪಾಸ್‌ವರ್ಡ್ ಏನು?’ ಅಂತಾರೆ.

ಸೀಟು ತೆಗೆದು ಮಂಚ, ಸಣ್ಣ ಅಡುಗೆ ಕಟ್ಟೆ, ಫ್ರಿಡ್ಜ್ ಕೂರಿಸಿದ ವ್ಯಾನ್‌ಗಳು ಮಲೆನಾಡಿನ ರಸ್ತೆಗೂ ಬಂದಿವೆ. ರಾಜ್ಯ ಸರ್ಕಾರದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಪ್ರವಾಸಕ್ಕೆ ಜಾಗ ಕೊಡಲಾಗಿತ್ತು. ಲ್ಯಾಪ್‌ಟಾಪ್ ಜೊತೆಗೇ ಊರು ಸುತ್ತುವ ಐಟಿ ಉದ್ಯೋಗಿಗಳು ಒಂದು ಕಡೆ, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ವಾರಗಟ್ಟಲೆ ಹೊರಡುವ ಕುಟುಂಬಗಳು ಇನ್ನೊಂದು ಕಡೆ. ಇಬ್ಬರಿಗೂ ಗಾಡಿಯೊಳಗೆ ಮನೆಯಂಥದ್ದೇ ನೆಟ್‌ವರ್ಕ್ ಬೇಕು.

ಆದ್ರೆ ಇದು ಮಲೆನಾಡು. ಕೋವಿಡ್ ಹೊತ್ತಲ್ಲಿ ಆನ್‌ಲೈನ್ ಕ್ಲಾಸ್‌ಗಾಗಿ ಮಕ್ಕಳು ಗುಡ್ಡ ಹತ್ತಿದ್ದು, ‘ನೋ ನೆಟ್‌ವರ್ಕ್ ನೋ ವೋಟಿಂಗ್’ ಅಂತ ಹಳ್ಳಿಗಳು ಅಭಿಯಾನ ಮಾಡಿದ್ದು ಯಾರೂ ಮರೆತಿಲ್ಲ. ಹತ್ತಾರು ಸಾವಿರ ಕೊಟ್ಟು ಒಳ್ಳೆ ರೂಟರ್ ತಂದು ಕೂರಿಸಿದ್ರೆ ಎಲ್ಲಿ ಬೇಕಾದ್ರೂ ನೆಟ್ ಸಿಗುತ್ತೆ ಅಂತ ನಂಬಿ ಹೊರಟವರು ಘಾಟಿ ಇಳಿಯುವಾಗ ಪೇಚಿಗೆ ಸಿಕ್ಕಿಕೊಳ್ತಾರೆ. ಹಾಗಾಗದಂತೆ ಏನು ಮಾಡಬೇಕು? ಇಲ್ಲಿದೆ ಪೂರ್ತಿ ವಿವರ.

ಒಳಗಿನದು ಬೇರೆ, ಹೊರಗಿನದು ಬೇರೆ

ವೈಫೈ ಮತ್ತು ಇಂಟರ್‌ನೆಟ್ ಎರಡೂ ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಗೊಂದಲ ಶುರುವಾಗೋದೇ ಇಲ್ಲಿಂದ.

ರೂಟರ್ ಆನ್ ಮಾಡಿದ ಕೂಡಲೇ ಗಾಡಿಯೊಳಗಿನ ಮೊಬೈಲ್, ಲ್ಯಾಪ್‌ಟಾಪ್, ಟಿವಿ ಎಲ್ಲಾ ಒಂದಕ್ಕೊಂದು ಜೋಡಣೆ ಆಗುತ್ತವೆ. ಇದು ಒಳಗಿನ ನೆಟ್‌ವರ್ಕ್. ಇದಕ್ಕೆ ಟವರ್ ಬೇಕಿಲ್ಲ, ಕರೆಂಟ್ ಇದ್ರೆ ಸಾಕು. ಕಾಡಿನ ಮಧ್ಯೆಯೂ ಕೆಲಸ ಮಾಡುತ್ತೆ.

ಇನ್ನೊಂದು, ಆ ರೂಟರ್‌ನಿಂದ ಹೊರಗಿನ ಜಗತ್ತಿಗೆ ಇರುವ ದಾರಿ. ಅದು ಮೊಬೈಲ್ ಟವರ್ ಆಗಿರಬಹುದು, ತಂಗಿದ ಹೋಮ್‌ಸ್ಟೇಯ ವೈಫೈ ಆಗಿರಬಹುದು. ಇದು ನಿಮ್ಮ ಕೈಯಲ್ಲಿಲ್ಲ. ಟವರ್ ಇಲ್ಲದ ಕಡೆ ಎಂಥಾ ರೂಟರ್ ತಂದ್ರೂ ಸಿಗ್ನಲ್ ಹುಟ್ಟಲ್ಲ. ಮೊಬೈಲ್‌ನಲ್ಲಿ ವೈಫೈ ಗುರುತು ಫುಲ್ ಕಾಣಿಸ್ತಿದ್ರೂ ವಾಟ್ಸಾಪ್ ಹೋಗದೇ ಇರೋದು ಇದೇ ಕಾರಣಕ್ಕೆ.

ಹಾಗಾಗಿ ಒಳಗಿನದ್ದನ್ನು ಗಟ್ಟಿ ಮಾಡಿಕೊಳ್ಳಬೇಕು. ಹೊರಗಿನದ್ದು ಯಾವಾಗ ಬೇಕಾದ್ರೂ ಕೈಕೊಡುತ್ತೆ ಅಂತಲೇ ತಯಾರಿ ಮಾಡಿಕೊಳ್ಳಬೇಕು.

ಯಾವ ರೂಟರ್ ತಗೋಬೇಕು?

ಎರಡು ದಿನದ ಟ್ರಿಪ್, ಇಬ್ಬರೇ ಇದ್ದೀರಿ ಅಂದ್ರೆ ಮೊಬೈಲ್ ಹಾಟ್‌ಸ್ಪಾಟ್ ಸಾಕು. ದುಡ್ಡು ಖರ್ಚು ಮಾಡೋದು ಬೇಡ. ಆದ್ರೆ ದಿನವಿಡೀ ಹಾಟ್‌ಸ್ಪಾಟ್ ಆನ್ ಇಟ್ರೆ ಮೊಬೈಲ್ ಬಿಸಿಯಾಗುತ್ತೆ, ಬ್ಯಾಟರಿ ಇಳಿಯುತ್ತೆ. ಮೊಬೈಲ್ ಹಿಡಿದವರು ಟೀ ಕುಡಿಯೋಕೆ ಇಳಿದ್ರೆ ನೆಟ್ ಕೂಡ ಅವರ ಜೊತೆಗೇ ಇಳಿದು ಹೋಗುತ್ತೆ.

ವಾರಗಟ್ಟಲೆ ಓಡಾಡೋರಿಗೆ ಸಿಮ್ ಹಾಕುವ 4ಜಿ ಅಥವಾ 5ಜಿ ರೂಟರ್ ಒಳ್ಳೇದು. ಖರೀದಿ ಮಾಡುವಾಗ ನಾಲ್ಕು ವಿಷಯ ನೋಡಿ.

- ಹೊರಗಿನ ಆಂಟೆನಾ ಸಿಕ್ಕಿಸೋಕೆ ಸಾಕೆಟ್ ಇದೆಯಾ? ಜೇಬಿನಲ್ಲಿಡೋ ಪುಟ್ಟ ಹಾಟ್‌ಸ್ಪಾಟ್ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರಲ್ಲ.
- ಎರಡು ಸಿಮ್ ಹಾಕಬಹುದಾ? ಒಂದು ಹೋದ್ರೆ ತಾನಾಗೇ ಇನ್ನೊಂದಕ್ಕೆ ಬದಲಾಗುತ್ತಾ?
- ನಮ್ಮ ದೇಶದ ಬ್ಯಾಂಡ್‌ಗಳು ಇವೆಯಾ? ಹೊರದೇಶದಿಂದ ತರಿಸಿದ ಕೆಲವು ರೂಟರ್‌ಗಳಲ್ಲಿ ಇಲ್ಲಿ ಬಳಕೆಯಲ್ಲಿರುವ ಬ್ಯಾಂಡ್ 5, 28, 40 ಇರೋದಿಲ್ಲ.
- ಬೇರೆಯವರ ವೈಫೈ ಹಿಡಿದು ಒಳಗೆ ಹಂಚುವ ಸೌಲಭ್ಯ ಇದೆಯಾ? ಇದನ್ನು ‘ವಿಸ್ಪ್’ ಅಥವಾ ‘ರಿಪೀಟರ್’ ಮೋಡ್ ಅಂತಾರೆ. ಹೋಮ್‌ಸ್ಟೇಯಲ್ಲಿ ಗಾಡಿ ನಿಲ್ಲಿಸಿದಾಗ ಡೇಟಾ ಉಳಿಸೋದು ಇದೇ.

ಮನೆಗೆ ಹಾಕಿಸಿದ ಏರ್‌ಫೈಬರ್ ಡಬ್ಬಿಯನ್ನೇ ಕಿತ್ತು ಗಾಡಿಗೆ ಹಾಕೋಣ ಅನ್ನೋ ಯೋಚನೆ ಬೇಡ. ಆ ಕನೆಕ್ಷನ್ ಕೊಟ್ಟಿರೋದು ಮನೆ ವಿಳಾಸಕ್ಕೆ, ಓಡಾಡೋ ಗಾಡಿಗಲ್ಲ.

ಸಿಮ್ ಎರಡಿರಲಿ, ಕಂಪನಿ ಬೇರೆ ಬೇರೆ ಇರಲಿ

ಮಲೆನಾಡಲ್ಲಿ ಒಂದು ಊರಿಗೆ ಒಂದು ಕಂಪನಿ ಅನ್ನೋ ಪರಿಸ್ಥಿತಿ. ಪೇಟೆಯಲ್ಲಿ ಜೋರಾಗಿ ಓಡೋ ಸಿಮ್ ಹತ್ತು ಕಿಲೋಮೀಟರ್ ಆಚೆ ಸತ್ತು ಹೋಗುತ್ತೆ. ಅಲ್ಲಿ ಬಿಎಸ್‌ಎನ್‌ಎಲ್ ಮಾತ್ರ ಹಿಡಿಯುತ್ತೆ ಅನ್ನೋ ಹಳ್ಳಿಗಳೂ ಇವೆ. ಒಂದೇ ಕಂಪನಿಯ ಎರಡು ಸಿಮ್ ಇಟ್ಕೊಂಡ್ರೆ ಉಪಯೋಗ ಇಲ್ಲ, ಟವರ್ ಹೋದ್ರೆ ಎರಡೂ ಒಟ್ಟಿಗೇ ಹೋಗ್ತವೆ.

ಹೊರಡೋ ಮೊದಲೇ ನೋಡಿಕೊಳ್ಳೋಕೆ ದಾರಿ ಇದೆ. ಟ್ರಾಯ್ ನಿಯಮದ ಪ್ರಕಾರ ಮೊಬೈಲ್ ಕಂಪನಿಗಳು ತಮ್ಮ ವೆಬ್‌ಸೈಟ್‌ನಲ್ಲಿ ಎಲ್ಲೆಲ್ಲಿ ಸಿಗ್ನಲ್ ಇದೆ ಅನ್ನೋ ಮ್ಯಾಪ್ ಹಾಕಬೇಕು. ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಪೋರ್ಟಲ್‌ನಲ್ಲಿ ಟವರ್ ಎಲ್ಲಿದೆ ಅಂತ ನೋಡಬಹುದು. ಆದ್ರೆ ಮ್ಯಾಪ್‌ನಲ್ಲಿ ಬಣ್ಣ ಇದ್ದ ಮಾತ್ರಕ್ಕೆ ಗುಡ್ಡದ ಹಿಂದೆ ಸಿಗ್ನಲ್ ಬರುತ್ತೆ ಅಂತಲ್ಲ. ಆ ದಾರಿಯಲ್ಲಿ ದಿನಾ ಓಡಾಡೋ ಬಸ್ ಡ್ರೈವರ್, ಹಾಲಿನ ಗಾಡಿಯವರನ್ನ ಒಂದು ಮಾತು ಕೇಳಿದ್ರೆ ಮ್ಯಾಪ್‌ಗಿಂತ ಸರಿಯಾದ ಉತ್ತರ ಸಿಗಬಹುದು.

700, 850, 900 ಮೆಗಾಹರ್ಟ್ಸ್‌ನಂಥ ಕಡಿಮೆ ಫ್ರೀಕ್ವೆನ್ಸಿಯ ಸಿಗ್ನಲ್ ದೂರ ಹೋಗುತ್ತೆ, ಮರ ಗೋಡೆ ದಾಟುತ್ತೆ. 2300, 3500 ಮೆಗಾಹರ್ಟ್ಸ್‌ನದು ಸ್ಪೀಡ್ ಜಾಸ್ತಿ, ದೂರ ಕಡಿಮೆ. ಪೇಟೆಯಲ್ಲಿ 5ಜಿ ಹಾರಿ, ಕಾಡಿನ ಅಂಚಿಗೆ ಬಂದ ಕೂಡಲೇ 4ಜಿಯ ಒಂದು ಗೆರೆಗೆ ಇಳಿಯೋದಕ್ಕೆ ಇದೂ ಒಂದು ಕಾರಣ.

ಕೇಂದ್ರದ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಹಾಕಿದ 4ಜಿ ಟವರ್‌ಗಳಲ್ಲಿ ಒಂದು ಕಂಪನಿಯ ಟವರ್‌ಗೆ ಇನ್ನೊಂದು ಕಂಪನಿಯ ಸಿಮ್ ಹಿಡಿಯುವ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ಸಿಕ್ಕಿದೆ. ಎಲ್ಲ ಟವರ್‌ಗೂ ಇದು ಅನ್ವಯಿಸಲ್ಲ. ಆದರೂ ರೂಟರ್‌ನಲ್ಲಿ ರೋಮಿಂಗ್ ಆಫ್ ಆಗಿದ್ರೆ ಒಮ್ಮೆ ಆನ್ ಮಾಡಿ ನೋಡಬಹುದು.

ಸಿಮ್ ಕೊಳ್ಳುವಾಗ ಇನ್ನೊಂದು ಮಾತು ಕೇಳಿಕೊಳ್ಳಿ. ‘ಅನ್‌ಲಿಮಿಟೆಡ್’ ಅಂತ ಹೇಳೋ ಪ್ಲಾನ್ ರೂಟರ್‌ಗೂ ಅನ್ವಯಿಸುತ್ತಾ, ಮೊಬೈಲ್‌ಗೆ ಮಾತ್ರಾನಾ?

ಗಾಡಿ ಅಂದ್ರೆ ತಗಡಿನ ಡಬ್ಬಿ

ಕಬ್ಬಿಣದ ಬಾಡಿ ಸಿಗ್ನಲ್ ತಡೆಯುತ್ತೆ. ಹೊರಗೆ ನಿಂತಾಗ ಎರಡು ಗೆರೆ ಇದ್ದದ್ದು ಒಳಗೆ ಕೂತಾಗ ಇಲ್ಲವಾಗೋದು ಇದರಿಂದಲೇ. ಹಾಗಾಗಿ ಆಂಟೆನಾ ಛಾವಣಿ ಮೇಲೆ ಇರಬೇಕು, ರೂಟರ್ ಒಳಗೆ ಅದರ ಹತ್ತಿರ ಇರಬೇಕು. 4ಜಿ ರೂಟರ್‌ಗೆ ಸಾಮಾನ್ಯವಾಗಿ ಎರಡು ಆಂಟೆನಾ ವೈರ್ ಬರುತ್ತೆ, ಎರಡನ್ನೂ ಸಿಕ್ಕಿಸಿ. ವೈರ್ ಉದ್ದ ಆದಷ್ಟೂ ಸಿಗ್ನಲ್ ದಾರಿಯಲ್ಲೇ ಸೋರುತ್ತೆ. ಎರಡು ಮೂರು ಮೀಟರ್ ಒಳಗೆ ಮುಗಿಸಿ.

ಮಳೆಗಾಲ ಮರೀಬೇಡಿ. ವೈರ್ ಒಳಗೆ ಹೋಗೋ ಜಾಗದಲ್ಲಿ ಸೀಲ್ ಸರಿ ಇಲ್ಲದಿದ್ರೆ ನೀರು ವೈರ್ ಹಿಡಿದೇ ರೂಟರ್‌ವರೆಗೂ ಬರುತ್ತೆ. ತೂತಿನ ಮುಂಚೆ ವೈರನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಬಿಟ್ರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಉದ್ದನೆ ಕೋಲಿನಂಥ ಆಂಟೆನಾ ಹಾಕಿದ್ರೆ ಹಳ್ಳಿ ರಸ್ತೆಯ ಮರದ ಕೊಂಬೆಗೆ ಬಡಿಯುತ್ತೆ. ಚಪ್ಪಟೆಯಾದದ್ದು ಒಳ್ಳೇದು.

ಸಿಗ್ನಲ್ ಎಷ್ಟಿದೆ ಅಂತ ಗೆರೆ ನೋಡಿ ಹೇಳೋಕಾಗಲ್ಲ. ಆಂಡ್ರಾಯ್ಡ್ ಮೊಬೈಲ್‌ನ ‘ಅಬೌಟ್ ಫೋನ್’ ಒಳಗೆ ಸಿಮ್ ಸ್ಟೇಟಸ್‌ನಲ್ಲಿ ಡಿಬಿಎಂ ಲೆಕ್ಕ ಸಿಗುತ್ತೆ. ರೂಟರ್‌ನಲ್ಲೂ ಇರುತ್ತೆ. 4ಜಿಯಲ್ಲಿ ಮೈನಸ್ 85 ಅಂದ್ರೆ ಚೆನ್ನಾಗಿದೆ. ಮೈನಸ್ 100 ಅಂದ್ರೆ ಪರವಾಗಿಲ್ಲ. ಮೈನಸ್ 115 ದಾಟಿದ್ರೆ ಮೀಟಿಂಗ್ ಬಿಟ್ಟುಬಿಡಿ, ಮೆಸೇಜ್ ಹೋದ್ರೆ ಪುಣ್ಯ. ಗಾಡಿಯನ್ನು ಇಪ್ಪತ್ತು ಅಡಿ ಹಿಂದೆ ಮುಂದೆ ಮಾಡಿದ್ರೂ ಈ ಲೆಕ್ಕ ಬದಲಾಗಬಹುದು, ಹಾಗಾಗಿ ಟೆಂಟ್ ಹೊಡೆಯೋ ಮೊದಲೇ ನೋಡಿ.

ಬೂಸ್ಟರ್ ತಂದ್ರೆ ಕೇಸ್ ಬೀಳಬಹುದು

ಆನ್‌ಲೈನ್‌ನಲ್ಲಿ ‘ಮೊಬೈಲ್ ಸಿಗ್ನಲ್ ಬೂಸ್ಟರ್’ ಅಂತ ಡಬ್ಬಿಗಳು ಸಿಗುತ್ತವೆ. ತಗೋಬೇಡಿ. ಪರವಾನಗಿ ಇಲ್ಲದೆ ಇವನ್ನು ಮಾರೋದು, ಇಟ್ಟುಕೊಳ್ಳೋದು, ಬಳಸೋದು ನಮ್ಮ ದೇಶದಲ್ಲಿ ಕಾನೂನುಬಾಹಿರ. ನಿಮ್ಮ ಗಾಡಿಯ ಬೂಸ್ಟರ್ ಹೊರಡಿಸೋ ಗದ್ದಲ ಹತ್ತಿರದ ಟವರ್‌ಗೆ ತೊಂದರೆ ಕೊಡುತ್ತೆ. ಆ ಟವರ್ ನಂಬಿಕೊಂಡ ಇಡೀ ಊರಿನ ಕರೆಗಳು ಕಟ್ ಆಗಬಹುದು. ಅದರಲ್ಲಿ ಆಂಬುಲೆನ್ಸ್‌ಗೆ ಮಾಡಿದ ಕರೆಯೂ ಇರಬಹುದು.

ರೂಟರ್‌ಗೆ ಹೊರಗಿನ ಆಂಟೆನಾ ಹಾಕೋದೇ ಬೇರೆ, ಬೂಸ್ಟರ್ ಹಾಕೋದೇ ಬೇರೆ. ಆಂಟೆನಾ ತನ್ನ ರೂಟರ್‌ನ ಸಿಗ್ನಲ್ ಮಾತ್ರ ಹಿಡಿಯುತ್ತೆ, ಕಳಿಸುತ್ತೆ. ಬೂಸ್ಟರ್ ಸುತ್ತಲಿನ ಸಿಗ್ನಲ್ ಎಲ್ಲಾ ಹಿಗ್ಗಿಸಿ ಮತ್ತೆ ಬಿಡುತ್ತೆ. ಹೊರದೇಶದಿಂದ ತಂದ ಸ್ಯಾಟಲೈಟ್ ಫೋನ್ ಕೂಡ ಅನುಮತಿ ಇಲ್ಲದೆ ಬಳಸುವಂತಿಲ್ಲ. ಇನ್ನು ಗಾಡಿಯನ್ನೇ ಕ್ಯಾರವಾನ್ ಆಗಿ ಬದಲಾಯಿಸೋದಾದ್ರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನ್ವಯಿಸುತ್ತೆ, ಕೆಲಸ ಶುರು ಮಾಡೋ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ.

ಕರೆಂಟ್ ಲೆಕ್ಕ ತಪ್ಪಿದ್ರೆ ಗಾಡಿಯೇ ಸ್ಟಾರ್ಟ್ ಆಗಲ್ಲ

ನೆಟ್ ಹೋದ್ರೆ ಮೀಟಿಂಗ್ ಹೋಗುತ್ತೆ. ರಾತ್ರಿಯಿಡೀ ರೂಟರ್ ಓಡಿಸಿ ಸ್ಟಾರ್ಟಿಂಗ್ ಬ್ಯಾಟರಿ ಇಳಿಸಿಕೊಂಡ್ರೆ ಕಾಡು ದಾರಿಯಲ್ಲಿ ಬೆಳಗ್ಗೆ ಗಾಡಿ ತಳ್ಳಬೇಕಾಗುತ್ತೆ. ಹಾಗಾಗಿ ಮೊದಲ ನಿಯಮ: ರೂಟರ್, ಲ್ಯಾಪ್‌ಟಾಪ್, ಫ್ರಿಡ್ಜ್‌ಗೆ ಬೇರೆ ಬ್ಯಾಟರಿ ಇರಲಿ. ಎಂಜಿನ್ ಬ್ಯಾಟರಿ ಎಂಜಿನ್‌ಗೆ ಮಾತ್ರ.

ಲೆಕ್ಕ ಹೀಗೆ ಹಾಕಿ. ರೂಟರ್ ಸುಮಾರು 10 ವ್ಯಾಟ್ ತಗೊಳ್ಳುತ್ತೆ ಅಂದುಕೊಳ್ಳಿ. 24 ಗಂಟೆಗೆ 240 ವ್ಯಾಟ್ ಅವರ್. ಲ್ಯಾಪ್‌ಟಾಪ್ 50 ವ್ಯಾಟ್, 8 ಗಂಟೆ ಕೆಲಸ ಅಂದ್ರೆ 400. ಒಟ್ಟು 640 ವ್ಯಾಟ್ ಅವರ್.

12 ವೋಲ್ಟ್ 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರೋದು 1200 ವ್ಯಾಟ್ ಅವರ್. ಆದ್ರೆ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಅದರ ಆಯಸ್ಸು ಹಾಳಾಗುತ್ತೆ. ಅಂದ್ರೆ ಸಿಗೋದು 600 ಮಾತ್ರ, ಒಂದು ದಿನಕ್ಕೂ ಸಾಲದು. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80ರಷ್ಟು ಬಳಸಬಹುದು, ಸುಮಾರು 1000 ವ್ಯಾಟ್ ಅವರ್ ಸಿಗುತ್ತೆ. ಒಂದೂವರೆ ದಿನ ಬರುತ್ತೆ. ಫ್ರಿಡ್ಜ್, ಫ್ಯಾನ್ ಸೇರಿದ್ರೆ ಲೆಕ್ಕ ಬೇರೆ. ಮಲೆನಾಡಿನ ಮಳೆಗಾಲದಲ್ಲಿ ಸೋಲಾರ್ ನಂಬಿಕೊಂಡು ಕೂರೋಕಾಗಲ್ಲ.

ರೂಟರ್‌ಗೆ ಇನ್ವರ್ಟರ್ ಹಾಕೋದು ದಂಡ. 12 ವೋಲ್ಟನ್ನು 230 ಮಾಡಿ, ಮತ್ತೆ ಅಡಾಪ್ಟರ್‌ನಲ್ಲಿ 12ಕ್ಕೆ ಇಳಿಸಿದಂತೆ ಆಗುತ್ತೆ. ಎರಡೂ ಕಡೆ ಕರೆಂಟ್ ಪೋಲು. ಹಾಗಂತ ಬ್ಯಾಟರಿಯಿಂದ ನೇರ ವೈರ್ ಎಳೆಯೋದೂ ಬೇಡ. ಎಂಜಿನ್ ಓಡುವಾಗ ವೋಲ್ಟೇಜ್ 14 ದಾಟುತ್ತೆ, ಸ್ಟಾರ್ಟ್ ಮಾಡುವಾಗ ಕುಸಿಯುತ್ತೆ. ರೂಟರ್ ಪದೇ ಪದೇ ಆಫ್ ಆಗಿ ಆನ್ ಆಗೋದು ಇದರಿಂದ. ಯಾವತ್ತೂ ಸರಿಯಾಗಿ 12 ವೋಲ್ಟೇ ಕೊಡುವ ಡಿಸಿ-ಡಿಸಿ ಕನ್ವರ್ಟರ್ ಮಧ್ಯೆ ಹಾಕಿಸಿ. ಬಸ್, ಲಾರಿಗಳಲ್ಲಿ 24 ವೋಲ್ಟ್ ಇರುತ್ತೆ, ಅಲ್ಲಂತೂ ಇದಿಲ್ಲದೆ ಆಗೋದೇ ಇಲ್ಲ.

ಬ್ಯಾಟರಿಯ ಪಾಸಿಟಿವ್ ಕಂಬದ ಹತ್ತಿರವೇ ಫ್ಯೂಸ್ ಇರಬೇಕು. ವೈರ್ ಎಲ್ಲೋ ಬಾಡಿಗೆ ಉಜ್ಜಿ ಸಿಪ್ಪೆ ಹೋದ್ರೆ ಫ್ಯೂಸ್ ಹಾರುತ್ತೆ, ಇಲ್ಲದಿದ್ರೆ ಗಾಡಿಗೆ ಬೆಂಕಿ ಹಿಡಿಯುತ್ತೆ. ಈ ಕೆಲಸವನ್ನು ಆಟೋ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಬಿಸಿಲಲ್ಲಿ ಬಾಗಿಲು ಹಾಕಿ ನಿಲ್ಲಿಸಿದ ಗಾಡಿಯೊಳಗೆ ಪವರ್ ಬ್ಯಾಂಕ್ ಬಿಟ್ಟು ಹೋಗಬೇಡಿ.

ಸೆಟ್ಟಿಂಗ್: ಹೊರಡೋ ಮೊದಲು ಮನೆ ಅಂಗಳದಲ್ಲೇ ಮಾಡಿ

1. ರೂಟರ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಅನ್ನು ಮನೆಯ ನೆಟ್‌ನಲ್ಲೇ ಮುಗಿಸಿ.

2. ಎರಡು ಪಾಸ್‌ವರ್ಡ್ ಬದಲಾಯಿಸಿ. ಒಂದು ವೈಫೈಯದು, ಇನ್ನೊಂದು ರೂಟರ್ ಒಳಗೆ ಹೋಗೋ ಅಡ್ಮಿನ್ ಪಾಸ್‌ವರ್ಡ್. ಎರಡನೆಯದನ್ನು ಬಹಳ ಜನ ‘ಅಡ್ಮಿನ್’ ಅಂತಲೇ ಬಿಟ್ಟಿರ್ತಾರೆ. ಸೆಕ್ಯುರಿಟಿ ಡಬ್ಲ್ಯುಪಿಎ-2 ಅಥವಾ ಡಬ್ಲ್ಯುಪಿಎ-3 ಇರಲಿ.

3. ವೈಫೈ ಹೆಸರಿಗೆ ಗಾಡಿ ನಂಬರ್, ಫೋನ್ ನಂಬರ್ ಇಡಬೇಡಿ.

4. ರೂಟರ್‌ನ ಐಪಿ ವಿಳಾಸ ಬದಲಾಯಿಸಿ. ಬಹಳಷ್ಟು ರೂಟರ್‌ಗಳಲ್ಲಿ ಇದು 192.168.1.1 ಅಥವಾ 192.168.0.1 ಇರುತ್ತೆ. ಹೋಮ್‌ಸ್ಟೇಯ ರೂಟರ್‌ನಲ್ಲೂ ಅದೇ ಇರೋ ಸಾಧ್ಯತೆ ಹೆಚ್ಚು. ಎರಡೂ ಮನೆಗೆ ಒಂದೇ ಡೋರ್ ನಂಬರ್ ಕೊಟ್ರೆ ಪೋಸ್ಟ್‌ಮ್ಯಾನ್ ಏನು ಮಾಡಬೇಕು? ಹಾಗೇ ಇಲ್ಲೂ ಗೊಂದಲ ಆಗಿ ನೆಟ್ ಓಡಲ್ಲ. 192.168.50.1 ಅಂತ ಏನಾದ್ರೂ ಬೇರೆ ಕೊಡಿ.

5. ಮನೆಯವರಿಗೆ ಒಂದು, ಬಂದು ಹೋಗೋರಿಗೆ ಇನ್ನೊಂದು ‘ಗೆಸ್ಟ್’ ವೈಫೈ ಮಾಡಿ. ಬಾಡಿಗೆ ಗಾಡಿಯವರಿಗೆ ಇದು ಬಹಳ ಮುಖ್ಯ. ಸಿಮ್ ಮಾಲೀಕರ ಹೆಸರಲ್ಲಿರುತ್ತೆ. ಪ್ರಯಾಣಿಕರು ಏನಾದ್ರೂ ಎಡವಟ್ಟು ಮಾಡಿದ್ರೆ ಪೊಲೀಸರು ಮೊದಲು ಬರೋದು ಸಿಮ್ ಇದ್ದವರ ಮನೆಗೆ. ಪ್ರತಿ ಟ್ರಿಪ್‌ಗೂ ಗೆಸ್ಟ್ ಪಾಸ್‌ವರ್ಡ್ ಬದಲಾಯಿಸಿ.

6. ಗಾಡಿ ಒಳಗೆ 5 ಗಿಗಾಹರ್ಟ್ಸ್ ವೈಫೈ ಬಳಸಿ. ಹೊರಗೆ ಮರದಡಿ ಕುರ್ಚಿ ಹಾಕಿ ಕೂತಾಗ 2.4 ಗಿಗಾಹರ್ಟ್ಸ್ ಒಳ್ಳೇದು, ಅದು ಹೆಚ್ಚು ದೂರ ಬರುತ್ತೆ. ಕೆಲಸದ ಲ್ಯಾಪ್‌ಟಾಪ್‌ಗೆ ಸಾಧ್ಯವಾದ್ರೆ ಲ್ಯಾನ್ ವೈರ್ ಹಾಕಿ.

ಡೇಟಾ ಸೋರೋದು ಎಲ್ಲಿ?

ಬೆಳಗ್ಗೆ ಎದ್ದಾಗ ದಿನದ ಕೋಟಾ ಮುಗಿದಿರುತ್ತೆ. ಯಾರೂ ಏನೂ ನೋಡಿರಲ್ಲ. ಲ್ಯಾಪ್‌ಟಾಪ್ ತಾನಾಗೇ ಅಪ್‌ಡೇಟ್ ಮಾಡಿಕೊಂಡಿರುತ್ತೆ, ಮೊಬೈಲ್‌ಗಳು ವೈಫೈ ಸಿಕ್ಕಿತು ಅಂತ ಹಗಲೆಲ್ಲಾ ತೆಗೆದ ಜೋಗದ ವಿಡಿಯೋಗಳನ್ನು ಬ್ಯಾಕಪ್ ಮಾಡಿರ್ತವೆ. ಮೊಬೈಲ್‌ಗೆ ಇದು ಮನೆ ವೈಫೈಯೋ ಸಿಮ್ ವೈಫೈಯೋ ಗೊತ್ತಾಗಲ್ಲ. ಹಾಗಾಗಿ ಪ್ರತಿ ಮೊಬೈಲ್, ಲ್ಯಾಪ್‌ಟಾಪ್‌ನಲ್ಲಿ ಈ ವೈಫೈಯನ್ನು ‘ಮೀಟರ್ಡ್’ ಅಂತ ಮಾರ್ಕ್ ಮಾಡಿ. ಎಚ್‌ಡಿ ಸಿನಿಮಾ ಗಂಟೆಗೆ 3 ಜಿಬಿವರೆಗೂ ತಿನ್ನುತ್ತೆ. ಕ್ವಾಲಿಟಿ ಇಳಿಸಿದ್ರೆ 1 ಜಿಬಿ ಒಳಗೆ ಮುಗಿಯುತ್ತೆ.

ಒಂದು ಉದಾಹರಣೆ

ಶಿವಮೊಗ್ಗದಿಂದ ಹೊನ್ನಾವರಕ್ಕೆ ಒಂದು ಕುಟುಂಬ ವ್ಯಾನ್‌ನಲ್ಲಿ ಹೊರಟಿದೆ ಅಂದುಕೊಳ್ಳಿ. ಮಗಳಿಗೆ ಬೆಂಗಳೂರಿನ ಕಂಪನಿ ಕೆಲಸ, ಹತ್ತು ಗಂಟೆಗೆ ಮೀಟಿಂಗ್. ಅಜ್ಜನಿಗೆ ಹೃದಯದ ತೊಂದರೆ, ಮಾತ್ರೆ ಮೇಲೆ ಇದ್ದಾರೆ. ಹಿಂದಿನ ಸೀಟಲ್ಲಿ ಮಕ್ಕಳು.

ಸಾಗರ, ತಾಳಗುಪ್ಪ ದಾಟಿ ಮಾವಿನಗುಂಡಿ ಆಚೆ ಗೇರುಸೊಪ್ಪ ಕಡೆ ಘಾಟಿ ಇಳಿಯುವಾಗ ಕಾಡು, ತಿರುವು. ಸಿಗ್ನಲ್ ಹೋಗಿ ಬರುತ್ತೆ ಅಂತಲೇ ಲೆಕ್ಕ ಹಾಕಬೇಕು. ಇಲ್ಲಿ ಈ ಕುಟುಂಬವನ್ನು ಕಾಪಾಡೋದು ರೂಟರ್ ಅಲ್ಲ, ಮೊದಲೇ ಮಾಡಿಕೊಂಡ ತಯಾರಿ.

ಒಂಬತ್ತೂವರೆಗೆ ಸಾಗರದಲ್ಲೇ ಗಾಡಿ ನಿಲ್ಲಿಸಬೇಕು, ಮೀಟಿಂಗ್ ಮುಗಿದ ಮೇಲೆ ಘಾಟಿ. ಮಕ್ಕಳಿಗೆ ಬೇಕಾದ ಸಿನಿಮಾ ಪೆನ್‌ಡ್ರೈವ್‌ನಲ್ಲಿ ತುಂಬಿ ರೂಟರ್‌ನ ಯುಎಸ್‌ಬಿಗೆ ಸಿಕ್ಕಿಸಿದ್ರೆ ಟವರ್ ಇಲ್ಲದೆಯೂ ಎಲ್ಲರ ಮೊಬೈಲ್‌ನಲ್ಲಿ ಓಡುತ್ತೆ. ಮುಂದಿನ ದಾರಿಯ ಮ್ಯಾಪ್ ಆಫ್‌ಲೈನ್ ಇಳಿಸಿಕೊಂಡಿರಬೇಕು. ಅಜ್ಜನ ಮಾತ್ರೆ ಚೀಟಿ, ಡಾಕ್ಟರ್ ನಂಬರ್ ಕಾಗದದಲ್ಲಿ ಬರೆದು ಡ್ಯಾಶ್‌ಬೋರ್ಡ್‌ನಲ್ಲಿ ಇರಬೇಕು. ಸಾಗರ ಮತ್ತು ಹೊನ್ನಾವರದ ಆಸ್ಪತ್ರೆ ಎಲ್ಲಿವೆ ಅಂತ ಹೊರಡೋ ಮೊದಲೇ ಗೊತ್ತಿರಬೇಕು. ಘಾಟಿಗೆ ಇಳಿಯೋ ಮುಂಚೆ ಮನೆಗೆ ಒಂದು ಮೆಸೇಜ್: ‘ಈಗ ಘಾಟಿ ಇಳೀತಿದೀವಿ, ಇಷ್ಟು ಹೊತ್ತಿಗೆ ಹೊನ್ನಾವರದಿಂದ ಫೋನ್ ಮಾಡ್ತೀವಿ.’ ಆ ಹೊತ್ತಿಗೆ ಫೋನ್ ಬರದಿದ್ರೆ ಹುಡುಕೋಕೆ ಒಬ್ಬರಾದ್ರೂ ಇರ್ತಾರೆ.

ಜೇಬಲ್ಲಿ ನಗದು ಇರಲಿ. ಘಾಟಿ ಮಧ್ಯದ ಟೀ ಅಂಗಡಿಯಲ್ಲಿ ಕ್ಯುಆರ್ ಕೋಡ್ ಇದ್ರೂ ಹಣ ಹೋಗಬೇಕಲ್ಲ.

112 ನೆನಪಿರಲಿ

ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ರೂ ಆ ಜಾಗದಲ್ಲಿ ಬೇರೆ ಯಾವುದಾದ್ರೂ ಕಂಪನಿಯ ಟವರ್ ಸಿಗ್ತಿದ್ರೆ 112ಕ್ಕೆ ಕರೆ ಹೋಗುತ್ತೆ. ಮೊಬೈಲ್‌ನಲ್ಲಿ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಅಂತ ಬರೋದು ಇದಕ್ಕೇ. ಆದ್ರೆ ಈ ಕರೆಯನ್ನು ಮೊಬೈಲ್‌ನಿಂದ ಮಾಡಬೇಕು, ಡೇಟಾಗೆ ಅಂತ ಇಟ್ಟ ರೂಟರ್‌ನಿಂದ ಆಗಲ್ಲ. ಹಾಗಾಗಿ ಇರೋ ಸಿಮ್ ಎಲ್ಲಾ ರೂಟರ್‌ಗೆ ಹಾಕಿ ಮೊಬೈಲ್ ಖಾಲಿ ಬಿಡಬೇಡಿ. ಯಾವ ಟವರೂ ಇಲ್ಲದ ಕಡೆ 112 ಕೂಡ ಸಿಗಲ್ಲ. ಅಲ್ಲಿ ಕೊನೆಯದಾಗಿ ಸಿಗ್ನಲ್ ಸಿಕ್ಕ ಜಾಗ ಯಾವುದು ಅಂತ ಗುರುತಿಟ್ಟುಕೊಂಡಿರೋದೇ ಕೆಲಸಕ್ಕೆ ಬರೋದು.

ಇನ್ನೊಂದು ಮುಖ್ಯ ಮಾತು. ಗಾಡಿ ಓಡಿಸ್ತಾ ರೂಟರ್ ರೀಸ್ಟಾರ್ಟ್ ಮಾಡೋದು, ಸಿಗ್ನಲ್ ನೋಡೋದು ಬೇಡ. ಪಕ್ಕಕ್ಕೆ ಹಾಕಿ, ನಿಲ್ಲಿಸಿ, ಆಮೇಲೆ ನೋಡಿ.

ಹೊರಡೋ ಮೊದಲು ಒಮ್ಮೆ ನೋಡಿಕೊಳ್ಳಿ

- ಬೇರೆ ಬೇರೆ ಕಂಪನಿಯ ಎರಡು ಸಿಮ್, ಎರಡಕ್ಕೂ ರೀಚಾರ್ಜ್
- ರೂಟರ್‌ಗೆ ಬೇರೆ ಬ್ಯಾಟರಿ, ಫ್ಯೂಸ್, ಡಿಸಿ-ಡಿಸಿ ಕನ್ವರ್ಟರ್
- ಆಂಟೆನಾ ವೈರ್ ಸೀಲ್ ಸರಿ ಇದೆಯಾ ಅಂತ ಬಕೆಟ್ ನೀರು ಹಾಕಿ ಪರೀಕ್ಷೆ
- ಆಫ್‌ಲೈನ್ ಮ್ಯಾಪ್, ಟಿಕೆಟ್, ಬುಕಿಂಗ್ ಚೀಟಿ
- ಕಾಗದದಲ್ಲಿ ಬರೆದ ಫೋನ್ ನಂಬರ್‌ಗಳು, ಮಾತ್ರೆ ಚೀಟಿ
- ಸ್ವಲ್ಪ ನಗದು
- ಮನೆಯಲ್ಲಿ ಒಬ್ಬರಿಗೆ ದಾರಿ ಮತ್ತು ಸಮಯದ ಮಾಹಿತಿ

ಇಷ್ಟು ಮಾಡಿಕೊಂಡು, ಮನೆ ಅಂಗಳದಲ್ಲೇ ಗಾಡಿ ನಿಲ್ಲಿಸಿ ಒಂದು ರಾತ್ರಿ ಅದರೊಳಗೇ ಮಲಗಿ ನೋಡಿ. ಮನೆ ವೈಫೈ ಆಫ್ ಮಾಡಿ, ಗಾಡಿಯ ನೆಟ್‌ನಲ್ಲೇ ಬೆಳಗ್ಗೆವರೆಗೂ ಇರಿ. ಏನೇನು ಮರೆತಿದ್ದೀರಿ ಅನ್ನೋದು ಅಲ್ಲೇ ಗೊತ್ತಾಗುತ್ತೆ. ಬೇಕಾದ ಫ್ಯೂಸ್, ವೈರ್ ತರೋಕೆ ಪೇಟೆಯೂ ಹತ್ತಿರದಲ್ಲೇ ಇರುತ್ತೆ.